ಸಾಸಿವೆ ತುಂಬಿದ ಡೋನಟ್ಟು

ಫ್ರೀಮಾಂಟ್
ಫೆಬ್ರವರಿ 1986

ಹೆಡ್ವಿಗ್ ಆಂಟಿ,

ನಿಮಗೆ ಕನ್ನಡ ಬರುತ್ತಿರಲಿಲ್ಲ, ಈಗಂತೂ ನೀವೇ ಇಲ್ಲ. ಹಾಗಾಗಿ ಧೈರ್ಯವಾಗಿ ಜಂಬ ಕೊಚ್ಚಿಕೊಳ್ಳುತ್ತೇನೆ: ಉಪವಾಸಕ್ಕೆ ಮುಂಚಿನ ನಿಮ್ಮ ಜರ್ಮನ್ ಹಬ್ಬದ ಡೋನಟ್ಟು ಇವತ್ತು ನನ್ನ ಕೈಯಲ್ಲಿ ನಿಮ್ಮದಕ್ಕಿಂತ ಚೆನ್ನಾಗಿ ಬಂತು. ಪೂರಿಯ ಹಾಗೆ ಸೌಟಿನಿಂದ ಅದುಮಲಿಲ್ಲ, ತಾನಾಗಿ ತೇಲಲು ಬಿಟ್ಟೆ. ನೀವು ಹೇಳುತ್ತಿದ್ದ ಬಿಳಿ ಪಟ್ಟಿ ಪ್ರತಿಯೊಂದರ ನಡುವಿಗೂ ಡಾಬು ಕಟ್ಟಿದ ಹಾಗೆ ಮೂಡಿತ್ತು.

ಎಲ್ಲಕ್ಕೂ ಜಾಮ್ ತುಂಬಿದೆ. ನಿಮ್ಮ ಪದ್ಧತಿಯಂತೆ ಒಂದಕ್ಕೆ ಮಾತ್ರ ಸಾಸಿವೆ ಪೇಸ್ಟು.

ಮೂರು ವರ್ಷದ ಹಿಂದೆ ಪಕ್ಕದ ನಿಮ್ಮನೆಯಲ್ಲಿ ಅದು ನನಗೆ ಸಿಕ್ಕಾಗ ಎಲ್ಲರೂ ನಕ್ಕರು. ಬೇಕಂತಲೇ ಅವಮಾನ ಮಾಡಿದಿರಿ ಅಂದುಕೊಂಡು, ಉಗುಳಿ ಎದ್ದು ಬಂದೆ. "ಪದ್ಮಜಾ, ಮನೆಯವರ ಜೊತೆ ಮಾತ್ರ ಮಾಡೋ ತಮಾಷೆ ಅದು!" ಅಂತ ನೀವು ಬೇಲಿಯ ಆಚೆಯಿಂದ ಇಂಗ್ಲಿಷಿನಲ್ಲಿ ಕೂಗಿದ್ದು ಕೇಳಿಸಿತ್ತು. ಬಾಗಿಲು ಹಾಕಿಕೊಂಡವಳು ನಿಮಗೆ ಮತ್ತೆ ತೆರೆಯಲಿಲ್ಲ.

ಇವತ್ತು ಮಗಳು ತಟ್ಟೆ ಹಿಡಿದು "ಯು ಫಸ್ಟ್, ಅಮ್ಮ" ಅಂದಳು. ಸಾಸಿವೆಯದು ಯಾವುದೆಂದು ನನಗೊಬ್ಬಳಿಗೇ ಗೊತ್ತಿತ್ತು. ಅದನ್ನೇ ತೆಗೆದುಕೊಂಡೆ. ಖಾರ ಮೂಗಿಗೇರಿ ಕಣ್ಣಲ್ಲಿ ನೀರು ಬಂತು, ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು.

ಈ ಸಲ ಉಗುಳಲಿಲ್ಲ, ಆಂಟಿ. ಪೂರ್ತಿ ತಿಂದೆ.