ಹದಿಮೂರು ಮೆಟ್ಟಿಲಿನ ಮುಖಪುಟ

ನ್ಯಾಷನಲ್ ಸಿಟಿ, ಕ್ಯಾಲಿಫೋರ್ನಿಯಾ
9 ನವೆಂಬರ್ 1998

ಪ್ರೀತಿಯ ತಮ್ಮ ಅರ್ನೆಲ್,

ಹೇಗಿದ್ದೀಯ? ಹಿಮ್ಮಡಿ ಈಗಲಾದರೂ ನೆಟ್ಟಗಾಯಿತೇ, ಇನ್ನೂ ಕುಂಟುತ್ತೀಯಾ? ನೀನು ಚಿಕ್ಕಪ್ಪನ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದೀಯ ಎಂದು ಕೇಳಿದಾಗಿನಿಂದ ಅಜ್ಜಿ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಊಟಕ್ಕೆ ಕೂತರೆ, "ಆ ಕೂಸಿಗೆ ಸ್ಟಾಕ್ಟನ್‌ನಲ್ಲಿ ಅಡೋಬೊ ಮಾಡಿ ಹಾಕೋರು ಯಾರೋ" ಎಂದು ಗೋಡೆಗೆ ಹೇಳುತ್ತಾಳೆ.

ನನಗೆ ಸುಸ್ತಾಗಿದೆ ಕಣೋ. ಬೆಳಕಿನ ಮೇಜಿನ ಮೇಲೆ ಬಗ್ಗಿ ಫೋಟೊ ಸ್ಲೈಡು ನೋಡಿ ನೋಡಿ ಕುತ್ತಿಗೆ ಹಿಡಿದುಕೊಂಡಿದೆ. ಎಲ್ಲದರಲ್ಲೂ ಅದೇ ಮೆಟ್ಟಿಲು, ಅದೇ ಕಂಬಿ, ಅದೇ ದೊಗಲೆ ಪ್ಯಾಂಟು. ನಮ್ಮ ಸ್ಕೇಟ್‌ಬೋರ್ಡ್ ಪತ್ರಿಕೆಗೆ ಬರುವ ಓದುಗರ ಪತ್ರಗಳಲ್ಲಿ ಅರ್ಧ ಇನ್ನೂ ನಿನ್ನ ಫೋಟೊ ಇದ್ದ ಮುಖಪುಟದ ಬಗ್ಗೆಯೇ. ಆ ದಿನ ನೀನು ಬಿದ್ದದ್ದನ್ನು ಯಾರೋ ಪಕ್ಕದಿಂದ ವಿಡಿಯೊ ತೆಗೆದಿದ್ದರಲ್ಲ, ಆ ಕ್ಯಾಸೆಟ್ ಕೈಯಿಂದ ಕೈಗೆ ಹೋಗಿ ಫ್ಲಾರಿಡಾ ಮುಟ್ಟಿದೆಯಂತೆ. ಮೊನ್ನೆ ಸ್ಕೇಟ್‌ಬೋರ್ಡ್ ಅಂಗಡಿಯ ಗಿಲ್ ಎಲ್ಲರೆದುರು, "ಏನಯ್ಯಾ ನೆಸ್ಟರ್, ನಿಮ್ಮ ಪತ್ರಿಕೇಲಿ ಬಿದ್ದೋರಿಗೂ ಮುಖಪುಟ ಕೊಡ್ತೀರಂತೆ? ನಮ್ಮಜ್ಜೀನೂ ಬಚ್ಚಲಲ್ಲಿ ಬಿದ್ದಿದ್ಲು, ಫೋಟೊ ಕಳಿಸ್ಲಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಗೆ ನಕ್ಕಿದ್ದಕ್ಕೆ ಇನ್ನೂ ನಾಚಿಕೆಯಾಗುತ್ತಿದೆ.

ನಮ್ಮ ಕಸುಬಿನಲ್ಲಿರುವ ಕಟ್ಟಳೆ ಒಂದೇ. ಗಾಳಿಯಲ್ಲಿ ಎಷ್ಟೇ ಚೆನ್ನಾಗಿ ಕಂಡರೂ, ಕೆಳಗಿಳಿದು ಬೋರ್ಡಿನ ಮೇಲೆಯೇ ನಿಂತು ಮುಂದೆ ಸಾಗದಿದ್ದರೆ ಆ ಫೋಟೊ ಅಚ್ಚಾಗಕೂಡದು. ಅದನ್ನು ನಿನಗೆ ಹೇಳಿಕೊಟ್ಟವನೇ ನಾನು. ಆ ಸಂಜೆ ಶಾಲೆಯ ಹದಿಮೂರು ಮೆಟ್ಟಿಲನ್ನು ಬೋರ್ಡಿನ ಮೇಲೆ ಹಾರಿ, ಬುಡದಲ್ಲಿ ಹಿಮ್ಮಡಿ ಹಿಡಿದು ಕೂತು, "ಅಣ್ಣಾ, ನಿಲ್ಲಲಿಲ್ಲ ಕಣೋ, ಬಿದ್ದೆ. ಆ ಫೋಟೊ ಹಾಕ್ಬೇಡ. ವಾಸಿಯಾದ್ಮೇಲೆ ಮತ್ತೆ ಬರೋಣ" ಎಂದೆ ನೀನು. ನಾನು ಹೂಂ ಅಂದೆ. ಆದರೆ ನಾನು ತೆಗೆದ ಚಿತ್ರ ಅಷ್ಟು ಚೆನ್ನಾಗಿ ಬಂದಿತ್ತು, ಮುಖಪುಟಕ್ಕೆ ಬೇರೇನೂ ಇರಲಿಲ್ಲ. ಸಂಪಾದಕರು "ನಿಂತ್ನಾ?" ಎಂದು ಕೇಳಿದಾಗ ನಿಂತ ಅಂದುಬಿಟ್ಟೆ. ವಿಡಿಯೊ ನೋಡಿದ ಜನ ನಿನ್ನನ್ನು ಸುಳ್ಳುಗಾರ ಎಂದರು, ಬೋರ್ಡ್ ಕಂಪನಿಯವರು ತಂಡದಿಂದ ಕೈಬಿಟ್ಟರು. ನೀನು ಒಂದು ಸಲವೂ ನನ್ನ ಹೆಸರೆತ್ತದೆ ಬಸ್ಸು ಹತ್ತಿದೆ. ಬೈದು ಹೋಗಿದ್ದರೆ ಎಷ್ಟೋ ವಾಸಿಯಿತ್ತು.

ಅಜ್ಜಿ ಕಟ್ಟಿಕೊಟ್ಟ ಒಣಮೀನು ಪಾರ್ಸಲ್‌ನಲ್ಲಿ ಬರುತ್ತಿದೆ, ಚಿಕ್ಕಪ್ಪನಿಗೆ ಪೂರ್ತಿ ಕೊಟ್ಟುಬಿಡಬೇಡ. ಅವರಿಗೆ ನನ್ನ ನಮಸ್ಕಾರ. ನಿನಗೆ ಅಜ್ಜಿಯ ಆಶೀರ್ವಾದ ಇದ್ದೇ ಇದೆ, ನನ್ನ ಪಾಲಿನದ್ದನ್ನೂ ನಿನಗೇ ಕೊಟ್ಟಿದ್ದಾಳೆ.

ನಿನ್ನ ಅಣ್ಣ,
ನೆಸ್ಟರ್

ಇನ್ನೊಂದು ಮಾತು, ಅಂಚೆಯವನು ಬರುವಷ್ಟರಲ್ಲಿ ಗೀಚುತ್ತಿದ್ದೇನೆ: "ಅವನು ಬೇಡವೆಂದ, ನಾನೇ ಹಾಕಿದೆ" ಎಂದು ಜನವರಿ ಸಂಚಿಕೆಯ ಮೂರನೇ ಪುಟದಲ್ಲಿ ನನ್ನ ಹೆಸರು ಹಾಕಿ ಬರೆದಿದ್ದೇನೆ. ಇವತ್ತು ಬೆಳಿಗ್ಗೆ ಅಚ್ಚಿಗೆ ಹೋಯಿತು. ಕಚೇರಿಯಲ್ಲಿ ನನ್ನ ಮೇಜನ್ನೂ ಖಾಲಿ ಮಾಡಿ ಬಂದೆ. ಕಾಲು ವಾಸಿಯಾದ ಮೇಲೆ ಬಾ, ಆ ಮೆಟ್ಟಿಲಿಗೆ ಹೋಗೋಣ. ಕ್ಯಾಮೆರಾ ತರುವುದಿಲ್ಲ. ಕೆಳಗೆ ನಿಂತು ನೋಡುತ್ತೇನೆ, ಅಷ್ಟೇ.