ಅಕ್ಕನಿಲ್ಲದ ಕಾದಂಬರಿ

ಮಾರ್ಚ್ 4, ಬೆಳಗ್ಗೆ

ಮತ್ತೆ ಏಳನೇ ಅಧ್ಯಾಯ. ಅಡುಗೆಮನೆ ಮೇಜು, ಪಕ್ಕದಲ್ಲೇ ವಾಷಿಂಗ್ ಮಷೀನ್ ಗಡಗಡ. ನಾಯಕಿ ಕಿಟಕಿ ಹತ್ತಿರ ನಿಂತೇ ಇದ್ದಾಳೆ. ಏನಾದರೂ ಮಾತಾಡೇ ತಾಯಿ ಅಂದರೆ ಯಾರ ಹತ್ತಿರ ಮಾತಾಡುತ್ತಾಳೆ? ಅಪ್ಪ ಅಮ್ಮನಿಗೆ ಒಬ್ಬಳೇ ಮಗಳು.

ನಾನೇ ಹಾಗೆ ಮಾಡಿದ್ದು. ನನ್ನ ಮೊದಲ ಕಥೆಯಲ್ಲಿ ಅಕ್ಕ ಗಂಡನ ಮನೆ ಬಿಟ್ಟು ಬಂದ ಸಂಜೆಯನ್ನು ಬರೆದಿದ್ದೆ. ಅಚ್ಚಾಯಿತು. ಆಮೇಲೆ ಒಂದು ವರ್ಷ ಅಕ್ಕ ನನ್ನ ಫೋನ್ ಎತ್ತಲಿಲ್ಲ. ಇನ್ನು ಅವಳ ತಂಟೆಯೇ ಬೇಡ. ಈ ಕಾದಂಬರಿಯಲ್ಲಿ ಅವಳ ಕೂದಲೆಳೆಯೂ ಇಲ್ಲ.

ಮಾರ್ಚ್ 9

ಸಂಪಾದಕಿಯ ಫೋನ್. "ಹುಡುಗಿ ಚೆನ್ನಾಗಿದ್ದಾಳೆ, ಜೀವ ಮಾತ್ರ ಇಲ್ಲ. ಮನಸ್ಸಲ್ಲಿರೋದನ್ನೆಲ್ಲ ಪಕ್ಕದ ಮನೆ ಬೆಕ್ಕಿಗೆ ಯಾಕೆ ಹೇಳ್ತಾಳೆ?"

ಅಕ್ಕ ಇರಬೇಕಾದ ಜಾಗದಲ್ಲೆಲ್ಲ ಬೆಕ್ಕು ಕೂರಿಸಿದ್ದೆ. ಅದನ್ನು ಹೇಳೋಕಾಗುತ್ತಾ? "ನೋಡ್ತೀನಿ" ಅಂದೆ. ತಿಂಗಳ ಕೊನೆಯೊಳಗೆ ಸರಿಯಾಗದಿದ್ದರೆ ಪುಸ್ತಕ ಮಾಡೋದಿಲ್ಲವಂತೆ. ಥೂ.

ಮಾರ್ಚ್ 10

ಬೆಕ್ಕು ತೆಗೆದೆ. ಸೋದರತ್ತೆ ಹಾಕಿದೆ. ಅವಳು ಬೆಕ್ಕಿಗಿಂತ ಕಡೆ. ತೆಗೆದೆ.

ಮಾರ್ಚ್ 17, ಮಧ್ಯಾಹ್ನ

ಅಮ್ಮನ ಹತ್ತಿರ ಕಾದಂಬರಿಯ ಹಳೇ ಪ್ರತಿ ಇತ್ತು, ಬೆಕ್ಕಿದ್ದದ್ದು. ಅಕ್ಕನಿಗೆ ಕೊಟ್ಟಿದ್ದಾಳೆ, ಪುಣ್ಯಾತ್ಗಿತ್ತಿ. ಅಕ್ಕ ಇಡೀ ಓದಿದ್ದಾಳೆ. ಆಸ್ಪತ್ರೆ ಡ್ಯೂಟಿ ಮುಗಿಸಿ ನರ್ಸ್ ಯೂನಿಫಾರ್ಮಲ್ಲೇ ಬಂದಳು.

"ನಾನೆಲ್ಲಿ?"

"ಅಂದ್ರೆ?"

"ಒಂದೇ ರೂಮು, ಒಂದೇ ಮಂಚ, ಒಂದೇ ಬಾಚಣಿಗೆಲಿ ಬೆಳೆದ್ವಿ. ಇದ್ರಲ್ಲಿ ಮಂಚ ಇದೆ, ಬಾಚಣಿಗೆ ಇದೆ. ನಾನಿಲ್ಲ. ಬೆಕ್ಕಿದೆ!"

"ಬರೆದ್ರೆ ಮಾತು ಬಿಡ್ತೀಯ, ಬರೀದಿದ್ರೆ ಜಗಳಕ್ಕೆ ಬರ್ತೀಯ. ಏನು ಮಾಡ್ಲಿ ಹೇಳು!" ಕಿರುಚಿಯೇ ಬಿಟ್ಟೆ.

ಬಾಗಿಲು ದಢಾರನೆ ಹಾಕಿಕೊಂಡು ಹೋದಳು. ಮನೆಯವರಿಗೆ ಓದೋಕೇ ಬರದಿದ್ದರೆ ಬರೆಯೋರಿಗೆ ಎಷ್ಟು ಸುಖ... ಸಾಕಾಗಿಹೋಗಿದೆ.

ಮಾರ್ಚ್ 25, ಸಂಜೆ

ಇಷ್ಟು ದಿನ ಒಂದು ವಾಕ್ಯವೂ ಇಲ್ಲ. ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿದೆ. ಎತ್ತಿದಳು. ಕೇಳಿಯೇಬಿಟ್ಟೆ — ಆ ಕಥೆಯಲ್ಲಿ ನಿನಗೆ ಅಷ್ಟು ಕೋಪ ಬಂದಿದ್ದು ಯಾವುದಕ್ಕೆ? ಊರಿಗೆಲ್ಲ ಗೊತ್ತಾಯ್ತು ಅಂತಾನಾ?

"ಊರಿಗೆ ಮೊದಲೇ ಗೊತ್ತಿತ್ತು ಬಿಡು. ನಾನು ಗೊಳೋ ಅಂತ ಅತ್ತೆ ಅಂತ ನೀನು ಬರೆದಿದ್ದೆ. ಎರಡು ಪುಟ."

"ಅತ್ತಿದ್ಯಲ್ಲ?"

"ನಾನೆಲ್ಲಿ ಅತ್ತೆ? ಸೂಟ್‌ಕೇಸ್ ಕೆಳಗಿಟ್ಟು ಊಟ ಕೇಳ್ದೆ. ಅತ್ತಿದ್ದು ನೀನು. ನಿನ್ನ ಮೂಗು ಒರೆಸಿದ್ದು ನಾನು. ಜೀವನದಲ್ಲಿ ಧೈರ್ಯ ಮಾಡಿ ಮಾಡಿದ್ದು ಅದೊಂದೇ ಕೆಲಸ ಕಣೇ. ಅದನ್ನೂ ನೀನು..."

ನಾಚಿಕೆಯಾಯಿತು. ಲೇಖಕಿಯಂತೆ, ಲೇಖಕಿ! ನನ್ನ ಅಳುವನ್ನು ಅವಳ ಕಣ್ಣಿಗೆ ತುಂಬಿ ಕಥೆ ಅಂದುಕೊಂಡಿದ್ದೆ.

"ಬರಿ," ಅಂದಳು ಕೊನೆಗೆ. "ಈ ಸಲ ನನ್ನ ನೋಡಿ ಬರಿ."

ಮಾರ್ಚ್ 26, ಬೆಳಗ್ಗೆ

ನಾಯಕಿಗೆ ಈಗ ಒಬ್ಬ ಅಕ್ಕ. ಬೆಲ್ ಆಯಿತು. ನಾಯಕಿ ಕೈಲಿ ಬಾಗಿಲು ತೆಗೆಸಿದೆ. ಅಕ್ಕ ನಿಂತಿದ್ದಾಳೆ. ಸೂಟ್‌ಕೇಸ್ ಕೆಳಗಿಟ್ಟಳು. "ಊಟ ಇದ್ಯಾ?" ಅಂದಳು. ಕೇಳುವಾಗ ಅವಳ ಮುಖ —

ಆ ಸಂಜೆ ಅಕ್ಕನ ಮುಖ ಹೇಗಿತ್ತು? ಗೊತ್ತಿಲ್ಲ. ಅಳುವ ಗದ್ದಲದಲ್ಲಿ ನೋಡಿಯೇ ಇಲ್ಲ ನಾನು. ಇಷ್ಟು ವರ್ಷ ಕೇಳಿಯೂ ಇಲ್ಲ. ಫೋನ್ ಮಾಡಿದ್ದೇನೆ. ರಿಂಗ್ ಆಗುತ್ತಿದೆ. ಎತ್ತೇ ಅಕ್ಕ, ಎತ್ತು —