ಬಲಗಣ್ಣಿನ ಚಿತ್ರ

ಭಾನುವಾರ, ಸಂಜೆ

ಪ್ರೀತಿಯ ಕ್ಯಾಮೆರಾ ಸಾಹೇಬರಿಗೆ,

ಮನೆ ಬಿಟ್ಟು ಬಂದ ಮೇಲೆ ಮೊದಲ ಸಲ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ‘ಏನಿಲ್ಲ, ಚೆನ್ನಾಗಿದೀನಿ’ ಅಂತ ಇಟ್ಟುಬಿಡುತ್ತೀರಿ. ಮದುವೆಯಾದಾಗಿನಿಂದ ಅದನ್ನೇ ಕೇಳಿ ಕೇಳಿ ಸಾಕಾಗಿಯೇ ಹೊರಟುಬಂದದ್ದು. ಕಾಗದವಾದರೆ ಪೂರ್ತಿ ಓದುತ್ತೀರಿ ಎಂಬ ಆಸೆ.

ನೀವು ಚಿತ್ರೀಕರಿಸಿದ ತ್ರೀಡಿ ಸಿನಿಮಾ ಈಗ ನನ್ನ ಮೇಜಿಗೆ ಬಂದಿದೆ. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಎಂದು ಎರಡು ಕ್ಯಾಮೆರಾಗಳಲ್ಲಿ ತೆಗೆದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಹೊಂದಿಸುವುದು ನನ್ನ ಕೆಲಸವೆಂದು ನಿಮಗೇನು ಹೇಳುವುದು. ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೂ, ಒಂದರ ಬಣ್ಣ ಪೇಲವವಾಗಿದ್ದರೂ ನೋಡುವವರಿಗೆ ತಲೆನೋವು. ಅಂಥವನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಸರಿಮಾಡುತ್ತೇನೆ. ಆದರೆ ಈ ಸಲ ಬಲಗಣ್ಣಿಗೆಂದು ತೆಗೆದ ಚಿತ್ರ ಮಸುಕು. ಮೊದಲ ದೃಶ್ಯಗಳಲ್ಲಿ ಚೂರೇ ಚೂರು. ಬರುಬರುತ್ತಾ ನಾಯಕಿಯ ರೆಪ್ಪೆಗಳೇ ಕಾಣುವುದಿಲ್ಲ.

ಲೆನ್ಸಿನ ದೋಷ ಅಂದುಕೊಂಡೆ. ರಿಪೇರಿಯವನು ಬಿಚ್ಚಿ ನೋಡಿ, ‘ಲೆನ್ಸ್ ಚಿನ್ನದ ಹಾಗಿದೆ ಅಕ್ಕಾ, ಫೋಕಸ್ ಮಾಡಿದೋರ ಕಣ್ಣು ತೋರಿಸಿ’ ಅಂತ ನಕ್ಕ. ನಾನೂ ನಕ್ಕೆ. ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಳೆಯಿತು. ಎಡ ಕ್ಯಾಮೆರಾಕ್ಕೆ ಎಡಗಣ್ಣು, ಬಲದ್ದಕ್ಕೆ ಬಲಗಣ್ಣು ಇಟ್ಟೇ ಫೋಕಸ್ ನೋಡುವ ಹಟ ಲೋಕದಲ್ಲಿ ನಿಮಗೊಬ್ಬರಿಗೇ ಇರುವುದು. ಮರುದಿನ ಅತ್ತೆಗೆ ಫೋನ್ ಮಾಡಿದೆ. ಬಲಗಡೆ ಇಟ್ಟ ಲೋಟ ದಿನಾ ಉರುಳಿಸ್ತಾನೆ, ಕೇಳಿದ್ರೆ ರೇಗ್ತಾನೆ, ಅವರಪ್ಪನಿಗೂ ಹೀಗೇ ಶುರುವಾಗಿದ್ದು ಅಂತ ಅತ್ತರು.

ತಡಮಾಡಿ ಬಂದಿರಿ, ಎರಡನೇ ಕಣ್ಣನ್ನಾದರೂ ಉಳಿಸಬಹುದಿತ್ತು ಎಂದು ಡಾಕ್ಟರು ಮಾವನವರಿಗೆ ಹೇಳಿದಾಗ ನಾವಿಬ್ಬರೂ ಪಕ್ಕದಲ್ಲೇ ಇದ್ದೆವು. ಮರೆತುಹೋಯಿತೇ? ವಿಷಯ ಹೊರಬಿದ್ದರೆ ಯಾರೂ ಕ್ಯಾಮೆರಾ ಮುಟ್ಟಗೊಡುವುದಿಲ್ಲ ಎಂಬ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಅದಕ್ಕೇ ತುಟಿಪಿಟಕ್ಕೆನ್ನದೆ, ಎಡಗಣ್ಣಿನ ಚಿತ್ರದಿಂದ ಬೇಕಾದ್ದನ್ನು ತೆಗೆದು ಬಲಗಣ್ಣಿನದನ್ನು ಹೊಸದಾಗಿ ಕಟ್ಟುತ್ತಾ ಬಂದೆ. ಪರದೆಯ ಮೇಲೆ ಎಲ್ಲ ಸರಿಹೋಯಿತು. ನಿರ್ದೇಶಕರು ನಿಮ್ಮನ್ನು ಬಾಯ್ತುಂಬ ಹೊಗಳಿ, ಮುಂದಿನ ಸಿನಿಮಾಕ್ಕೂ ಅವರೇ ಇರಲಿ ಅಂದರು. ಅವತ್ತು ನನಗೆ ಊಟ ಸೇರಲಿಲ್ಲ. ನಾನು ಚಿತ್ರ ಸರಿಮಾಡಿದಷ್ಟೂ ನೀವು ಆಸ್ಪತ್ರೆಯಿಂದ ದೂರವೇ ಉಳಿಯುತ್ತೀರಿ.

ಮೊದಲು ಕಣ್ಣು ತೋರಿಸಿ. ಕುರುಡಾಗಿ ಕೂತ ನಿಮ್ಮನ್ನು ನೆನೆಸಿಕೊಂಡರೆ ನನಗೆ ಭಯವಾಗುತ್ತದೆ. ಬೇರೆ ಮನೆಯಲ್ಲಿದ್ದೇನೆಂದ ಮಾತ್ರಕ್ಕೆ ಆ ಭಯ ಕಡಿಮೆಯಾಗಿಲ್ಲ.

ಇನ್ನೂ ನಿಮ್ಮವಳೇ ಆದ
ಜಗಳಗಂಟಿ

ತಾ.ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ತಿದ್ದದೆ ಉಳಿಸಿಕೊಂಡಿದ್ದ ಚಿತ್ರಗಳನ್ನು ನಿನ್ನೆ ನಿರ್ದೇಶಕರಿಗೆ ತೋರಿಸಿ ಎಲ್ಲ ಹೇಳಿಬಿಟ್ಟೆ. ಮುಂದಿನ ಸಿನಿಮಾ ನಿಮ್ಮ ಕೈತಪ್ಪಿತು. ತಪ್ಪಿಸಿದವಳು ನಾನೇ. ಇನ್ನು ಮುಚ್ಚಿಟ್ಟು ಉಳಿಸಿಕೊಳ್ಳುವಂಥದ್ದು ನಿಮಗೆ ಏನೂ ಇಲ್ಲ. ಗುರುವಾರ ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬರುತ್ತೇನೆ. ಬೈಯುವುದಿದ್ದರೆ ಬಾಗಿಲು ತೆಗೆದೇ ಬೈಯಿರಿ.